ಎಳ್ಳುಬೆಲ್ಲದೊಡನೆ ಒಂದು ವಿಚಾರ

ಸಂಕ್ರಾಂತಿಯ ಸಂಜೆ ಹುಲ್ಲಹಳ್ಳಿಯಂತಹ ಕಪಿಲಾತೀರದ ಊರುಗಳಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನು ತಟ್ಟೆಯಲ್ಲಿಟ್ಟು ಮನೆಮನೆಗೆ ಬೀರುವ ಸತ್ಸಂಪ್ರದಾಯವು, ಹಂಚಿದಷ್ಟೂ ವೃದ್ಧಿಹೊಂದುವ ವಿಚಾರವೆಂಬ ವಸ್ತುವನ್ನೂ ತನ್ನೊಡನೆ ಸೇರಿಸಿಕೊಂಡಲ್ಲಿ ಹಬ್ಬದ ಮಹಿಮೆಗೆ ಕುಂದೇನೂ ಬಾರದೆಂಬುದು ನನ್ನ ಅಭಿಪ್ರಾಯ.

ಅಂತಹ ವಿಚಾರವನ್ನು ದೂರದಲ್ಲಿ ಅರಸಬೇಕಾದುದಿಲ್ಲ. ಉತ್ತರಾಯಣ ಪುಣ್ಯಕಾಲವನ್ನು ನಾವು ಆಚರಿಸುವುದು ಜನವರಿ 14 ಅಥವಾ 15ರಂದು. ಸೂರ್ಯನು ದಕ್ಷಿಣದ ಎಲ್ಲೆಯನ್ನು ಮುಟ್ಟಿ ಉತ್ತರಕ್ಕೆ ಹೊರಳುವುದಾದರೋ ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ವಾಲಿ ಬರುವುದರಿಂದ, ನಕ್ಷತ್ರಗಳನ್ನಾಶ್ರಯಿಸಿದ ಮಕರ ಸಂಕ್ರಮಣವು ನಿಜವಾದ ಅಯನಕ್ಕಿಂತ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ತಡವಾಗುತ್ತ ಬಂದಿದೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಕೂಡುತ್ತಿದ್ದುವು. ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ಡಿಸೆಂಬರಿನಿಂದ ನಡುಹಗಲ ನೆರಳಿನ ತುದಿಗೆ ದಿನವೂ ಸುಣ್ಣದ ಗುರುತಿಡುವ ಬಾಲಕಿಯು, ಹಬ್ಬದ ಹೊತ್ತಿಗೆ ಆ ನೆರಳು ಆಗಲೇ ಮೊಟಕಾಗತೊಡಗಿರುವುದನ್ನು ಸ್ವತಃ ಕಾಣುವಳು.

ಇಂತಹ ಅರಿವು ಕನ್ನಡದಲ್ಲೇ ಜನರಿಗೆ ದೊರೆಯಬೇಕೆಂದು 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ಬಹುಕಾಲ ಬಾಳಲಿಲ್ಲವಾದರೂ ಅದರ ಉದ್ದೇಶವು ಸಾಯಬೇಕಾದುದಿಲ್ಲ.

ಹಬ್ಬದ ದಿನವೂ ಪಾಠವೇ ಎಂದು ಹಿರಿಯರು ಆಕ್ಷೇಪಿಸಬಹುದು. ಪರೀಕ್ಷೆಯ ಭಯವಿಲ್ಲದ ಕುತೂಹಲವು ಪಾಠವಲ್ಲ, ವಿನೋದ. ಆಚರಣೆಯ ಕಾರಣವನ್ನು ಬಲ್ಲವನ ಶ್ರದ್ಧೆಯು ಬಲಗೊಳ್ಳುವುದಲ್ಲದೆ ಕುಗ್ಗುವುದಿಲ್ಲ. ಆದುದರಿಂದ ಎಳ್ಳಿನ ಪೊಟ್ಟಣದೊಡನೆ ಒಂದು ಪ್ರಶ್ನೆಯನ್ನು ಬರೆದ ಚೀಟಿಯನ್ನೂ ಇಡೋಣ. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ, ಅದರಿಂದ ಹುಟ್ಟುವ ಮಾತುಕತೆ ವರ್ಷವಿಡೀ ನಡೆದೀತು.