ಉಪ್ಪಾಗೆಯ ಕೊಂಬೆಗೆ ಕತ್ತಿ ಹಾಕಿಸಿದವರು ಯಾರು?

ಕಾಡಿನ ಉಪ್ಪಾಗೆ ಮರಗಳು ಹಾಳಾಗುವುದಕ್ಕೆ ಹಳ್ಳಿಗನ ದುರಾಸೆಯೇ ಕಾರಣವೆಂಬ ಆರೋಪ ಹಳೆಯದು. ಕೊಂಬೆ ಕಡಿದ ಕೈ ಹಳ್ಳಿಗನದೇ ಇರಬಹುದು. ಆದರೆ ಆ ಕೈಗೆ ಕತ್ತಿ ಕೊಟ್ಟವರನ್ನು ಬಿಟ್ಟು ತೀರ್ಪು ನೀಡುವುದು ನ್ಯಾಯವಲ್ಲ.

ಉತ್ತರ ಕನ್ನಡದ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ಹಳ್ಳದಂಚಿನ ತಂಪಿನಲ್ಲಿ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂತಹ ರಾಮಪತ್ರೆ ಜಡ್ಡಿಗಳ ಸೀಮೆಯಲ್ಲಿ ಬೆಳೆಯುವ ಮರವಿದು. ಒಣಗಿಸಿದ ಸಿಪ್ಪೆ ಸಾರಿಗೆ ಹುಳಿಯಾಗುತ್ತದೆ. ಬೀಜದಿಂದ ಉಪ್ಪಾಗೆ ತುಪ್ಪ ದೊರೆಯುತ್ತದೆ. ಕೊಡಗಿನವರು ಇದರ ರಸವನ್ನು ಕುದಿಸಿ ಕಾಚಂಪುಳಿ ಮಾಡುತ್ತಾರೆ. ಮನೆಯ ಅಗತ್ಯಕ್ಕೆ ಕೊಯ್ಯುತ್ತಿದ್ದ ಕಾಲದಲ್ಲಿ ಮರಕ್ಕೂ ಮನೆಗೂ ಜಗಳವಿರಲಿಲ್ಲ.

ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವನ್ನು ವಿಜ್ಞಾನಿಗಳು 1965ರಲ್ಲಿ ಗುರುತಿಸಿದರು. 1990ರ ದಶಕದಲ್ಲಿ ಅದು ಬೊಜ್ಜು ಕರಗಿಸುವ ಔಷಧವೆಂದು ಅಮೆರಿಕದಲ್ಲಿ ಮಾರಾಟವಾಯಿತು. ಮಲೆನಾಡಿನ ಸಿಪ್ಪೆಗೆ ಬೆಲೆ ಏರಿತು. 1998ರಲ್ಲಿ ಅಮೆರಿಕದಲ್ಲಿಯೇ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯ ವರದಿ ಪ್ರಕಟವಾಯಿತು. ಈ ಔಷಧ ಸೇವಿಸಿದವರಿಗೂ ಹುಸಿ ಮಾತ್ರೆ ಸೇವಿಸಿದವರಿಗೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ಇಲ್ಲಿ ಕೊಂಬೆಗಳು ನೆಲಕ್ಕುರುಳಿದ್ದವು.

ಕೊಂಬೆ ಉರುಳಿಸಿದ್ದು ಬೆಲೆಯೊಂದೇ ಅಲ್ಲ, ಟೆಂಡರ್ ಪದ್ಧತಿ. ಅವಧಿ ಮುಗಿದರೆ ಹಕ್ಕು ಕಳೆದುಕೊಳ್ಳುವ ಗುತ್ತಿಗೆದಾರನಿಗೆ ಮುಂದಿನ ವರ್ಷದ ಮರದ ಚಿಂತೆ ಏಕೆ? ಇಂದು ತಾನು ಬಿಟ್ಟ ಕಾಯಿ ನಾಳೆ ಇನ್ನೊಬ್ಬನ ಪಾಲೆಂದು ತಿಳಿದವನು ಹಣ್ಣಾಗುವವರೆಗೆ ಕಾಯುವುದು ಹೇಗೆ? ಎಳೆಗಾಯಿಯೊಂದಿಗೆ ಮೊಳೆಯಬೇಕಾದ ಬೀಜವೂ ಹೋಯಿತು. ಕೊಯ್ಲು ಮಳೆಗಾಲದಲ್ಲಿ, ಬಿಸಿಲಿಲ್ಲದೆ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಹೀಗೆ ಒಂದು ಮರದ ಹಣ್ಣು ಬೇರೆ ಮರಗಳ ಸೌದೆಯನ್ನೂ ನುಂಗಿತು.

ಹಕ್ಕನ್ನು ಊರಿಗೆ ಕೊಟ್ಟರೆ ಕಾಡು ಲೂಟಿಯಾಗುತ್ತದೆ ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಲೂಟಿಯಾದ ದಿನಗಳಲ್ಲಿ ಹಕ್ಕು ಯಾರ ಕೈಯಲ್ಲಿತ್ತು? 2006ರ ಅರಣ್ಯ ಹಕ್ಕು ಕಾಯ್ದೆಯು ಪರಂಪರೆಯಿಂದ ಸಂಗ್ರಹಿಸುತ್ತ ಬಂದಿರುವ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರ್ಹ ಅರಣ್ಯವಾಸಿಗಳಿಗೆ ನೀಡಿದೆ. ಅದೇ ಕಾಯ್ದೆಯ 5ನೇ ಸೆಕ್ಷನ್ ಕಾಡು ಮತ್ತು ಜೀವವೈವಿಧ್ಯವನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ಒಂದನ್ನು ಕೇಳಿ ಇನ್ನೊಂದನ್ನು ಮರೆಯುವ ಹಕ್ಕು ಹಳ್ಳಿಗನಿಗಿಲ್ಲ. ಎರಡನ್ನೂ ತಡೆಹಿಡಿಯುವ ಹಕ್ಕು ಇಲಾಖೆಗೂ ಇಲ್ಲ.

ಆದ್ದರಿಂದ ಪ್ರತಿ ಗ್ರಾಮಸಭೆಯೂ ಮುಂಗಾರಿಗೆ ಮೊದಲೇ ಸೇರಿ ಕೊಯ್ಲಿನ ದಿನವನ್ನು ಗೊತ್ತುಮಾಡಲಿ. ಕೊಂಬೆಗೆ ಕತ್ತಿ ತಾಗಬಾರದು, ಪ್ರತಿ ಮರದಲ್ಲಿ ಹಕ್ಕಿಗೂ ಮಂಗಕ್ಕೂ ಬೀಜಕ್ಕೂ ಪಾಲು ಉಳಿಯಬೇಕು ಎಂದು ಠರಾವು ಮಾಡಲಿ. ಕಡಿಮೆ ಸೌದೆಯ ಡ್ರೈಯರನ್ನು ಊರೊಟ್ಟಿನಲ್ಲಿ ಹೊಂದಿಸಿಕೊಳ್ಳಲಿ. ವಿದ್ಯಾರ್ಥಿಗಳು ತಮ್ಮೂರಿನ ಉಪ್ಪಾಗೆ ಮರಗಳನ್ನೂ ಅವುಗಳ ಬುಡದ ಸಸಿಗಳನ್ನೂ ಎಣಿಸಿ, ಆ ಪಟ್ಟಿಯನ್ನು ಸಭೆಯ ಮುಂದಿಡಲಿ. ಮುಂದಿನ ಟೆಂಡರ್ ಪ್ರಕಟಣೆ ಬರುವ ಮೊದಲೇ ಈ ಕೆಲಸ ಆಗಬೇಕು.