ಬೆಳೆಯುತ್ತಲೇ ಹೋಗುವ ಆಟದ ಪೆಟ್ಟಿಗೆ: ಲಾಭವೆಷ್ಟು, ಹೊರೆಯೆಷ್ಟು?

ಆಟದ ಸಾಮಾನುಗಳ ವ್ಯಾಪಾರವೆಂದರೆ ಜಾತ್ರೆಯ ವ್ಯಾಪಾರ, ಇಲ್ಲವೇ ಶಾಲೆಯ ರಜೆಯ ವ್ಯಾಪಾರ ಎಂಬ ಭಾವನೆ ಈ ಭಾಗದ ವರ್ತಕರಲ್ಲಿ ಬಹುಕಾಲದಿಂದ ಬೇರೂರಿದೆ. ಕೇರಂ ಹಲಗೆ, ಲೂಡೋ, ಹಾವು ಏಣಿ, ಇಸ್ಪೀಟು ಮುಂತಾದವನ್ನು ಒಮ್ಮೆ ಕೊಂಡ ಮನೆಯವರು ಅದೇ ಸಾಮಾನಿಗಾಗಿ ಹಲವು ವರ್ಷ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಈ ಗ್ರಹಿಕೆಗೆ ಪೂರ್ಣ ವಿರುದ್ಧವಾದ ಒಂದು ಬಗೆಯ ಆಟ ಕಳೆದ ಹದಿನೈದು ವರ್ಷಗಳಲ್ಲಿ ಅಮೆರಿಕ ಮತ್ತು ಯೂರೋಪಿನ ಮಾರುಕಟ್ಟೆಗಳಲ್ಲಿ ನೆಲೆಯೂರಿದೆ. ಕೊಂಡವನೇ ಮತ್ತೆ ಮತ್ತೆ ಕೊಳ್ಳುವಂತೆ ರೂಪಿಸಲಾದ ಸೂಪರ್‌ಹೀರೋ ಸಹಕಾರಿ ಆಟಗಳೇ ಅವು. ಆನ್‌ಲೈನ್ ಮಾರಾಟದ ಮೂಲಕ ತೋರಣಗಲ್ಲು, ವಡ್ಡು, ಹೊಸಪೇಟೆಗಳ ಮನೆ ಬಾಗಿಲಿಗೂ ಅವು ಬರಬಲ್ಲವು. ಇಂತಹ ಸರಕನ್ನು ತರಿಸಿ ಮಾರುವುದು ಲಾಭದಾಯಕವೇ, ಅಥವಾ ಇದೇ ಮಾದರಿಯಲ್ಲಿ ಇಲ್ಲಿಯೇ ಏನನ್ನಾದರೂ ತಯಾರಿಸಬಹುದೇ ಎಂಬುದು ಯೋಚನೆಗೆ ತಕ್ಕ ವಿಷಯವಾಗಿದೆ.

ಈ ಆಟದಲ್ಲಿ ಮೇಜಿನ ಸುತ್ತ ಕುಳಿತವರು ಪರಸ್ಪರ ಎದುರಾಳಿಗಳಲ್ಲ. ಪ್ರತಿಯೊಬ್ಬರೂ ಒಬ್ಬೊಬ್ಬ ವೀರನ ಪಾತ್ರ ವಹಿಸಿ, ಎಲ್ಲರೂ ಕೂಡಿ ಒಬ್ಬ ಖಳನಾಯಕನನ್ನು ಎದುರಿಸುತ್ತಾರೆ. ಖಳನಾಯಕನ ಪರವಾಗಿ ಆಡಲು ಯಾರೂ ಇರುವುದಿಲ್ಲ. ಅವನ ಎಲೆಗಳ ಕಟ್ಟೇ ಅವನ ಪರವಾಗಿ ಆಡುತ್ತದೆ. ಗೆದ್ದರೆ ಎಲ್ಲರ ಗೆಲುವು, ಸೋತರೆ ಎಲ್ಲರ ಸೋಲು. ಆದುದರಿಂದಲೇ ಇದಕ್ಕೆ ಸಹಕಾರಿ ಆಟವೆಂಬ ಹೆಸರು. (ಸಹಕಾರ ಸಂಘಗಳ ಕಾಯಿದೆಗೂ ಇದಕ್ಕೂ ಸಂಬಂಧವಿಲ್ಲ, ವಾರ್ಷಿಕ ಮಹಾಸಭೆಯೂ ಇಲ್ಲ.) 2011ರಲ್ಲಿ ಬಂದ ಸೆಂಟಿನೆಲ್ಸ್ ಆಫ್ ದಿ ಮಲ್ಟಿವರ್ಸ್, 2012ರ ಲೆಜೆಂಡರಿ, 2019ರ ಮಾರ್ವೆಲ್ ಚಾಂಪಿಯನ್ಸ್ ಈ ವರ್ಗದ ಹೆಸರಾಂತ ಆಟಗಳು. ಮೊದಲು ಒಂದು ಮೂಲ ಪೆಟ್ಟಿಗೆ ಬರುತ್ತದೆ. ಅನಂತರ ಕೆಲವು ತಿಂಗಳಿಗೊಮ್ಮೆ ಹೊಸ ವೀರ, ಹೊಸ ಖಳನಾಯಕ, ಹೊಸ ಸನ್ನಿವೇಶಗಳ ವಿಸ್ತರಣಾ ಪೊಟ್ಟಣಗಳು ಬರುತ್ತವೆ. ಮೂಲ ಪೆಟ್ಟಿಗೆಯಿಲ್ಲದೆ ಸಣ್ಣ ಪೊಟ್ಟಣಗಳಿಂದ ಉಪಯೋಗವಿಲ್ಲ.

ಗ್ರಾಹಕನಿಗೆ ಇದರಲ್ಲಿರುವ ಆಕರ್ಷಣೆಯನ್ನು ಹಗುರವಾಗಿ ಕಾಣಬಾರದು. ಹತ್ತು ವರ್ಷದ ಮಗು ಮತ್ತು ಅದರ ಅಜ್ಜ ಚದುರಂಗಕ್ಕೆ ಕುಳಿತರೆ ಒಬ್ಬರು ಬೇಕೆಂದೇ ಸೋಲಬೇಕಾಗುತ್ತದೆ. ಸಹಕಾರಿ ಆಟದಲ್ಲಿ ಆ ನಾಟಕ ಬೇಕಾಗಿಲ್ಲ. ಬಲ್ಲವರು ಅರಿಯದವರಿಗೆ ಕೈಹಿಡಿದು ನಡೆಸಬಹುದು. ಜೊತೆಗಾರರು ಸಿಗದಿದ್ದರೆ ಒಬ್ಬರೇ ಕುಳಿತು ಆಡಬಹುದು. ಪಾತ್ರಗಳ ಪರಿಚಯವನ್ನು ಚಲನಚಿತ್ರಗಳು ಮೊದಲೇ ಮಾಡಿಸಿಕೊಟ್ಟಿರುವುದರಿಂದ ಅಂಗಡಿಯವನು ಸರಕನ್ನು ವಿವರಿಸುವ ಶ್ರಮವೂ ಕಡಿಮೆ. ಅಂಜನಾದ್ರಿಯ ನೆರಳಿನಲ್ಲಿ ಬದುಕುವ ಜನರಿಗಂತೂ ಅತಿಮಾನುಷ ವೀರನೆಂದರೆ ಏನೆಂಬುದನ್ನು ಅಮೆರಿಕದವರು ಕಲಿಸಬೇಕಾಗಿಲ್ಲ.

ಇದರ ಹಿಂದಿನ ಗಣಿತವೂ ಕುತೂಹಲಕರವಾಗಿದೆ. ಮಾರ್ವೆಲ್ ಚಾಂಪಿಯನ್ಸ್ ಮೂಲ ಪೆಟ್ಟಿಗೆಯಲ್ಲಿ 5 ವೀರರು, 3 ಖಳನಾಯಕರು ಇದ್ದಾರೆ. ಪ್ರತಿಯೊಬ್ಬ ವೀರನನ್ನೂ 4 ಬಗೆಯ ಮನೋಧರ್ಮಗಳಲ್ಲಿ ಯಾವುದಾದರೊಂದಕ್ಕೆ ಹೊಂದಿಸಿ ಆಡಬಹುದು. ಒಬ್ಬರೇ ಆಡುವಾಗ ಆಗುವ ಜೋಡಣೆಗಳು 60. ಒಬ್ಬ ಹೊಸ ವೀರನ ಪೊಟ್ಟಣ ಕೊಂಡೊಡನೆ ಅದು 72ಕ್ಕೆ ಏರುತ್ತದೆ. ಮೇಲೆ ಒಬ್ಬ ಖಳನಾಯಕ ಸೇರಿದರೆ 96. ಕೊಳ್ಳುವವನು ತೆತ್ತದ್ದು ಒಂದು ಪೊಟ್ಟಣದ ಹಣ, ಪಡೆದದ್ದು ಹನ್ನೆರಡು ಹೊಸ ಆಟ. ಇಷ್ಟಲ್ಲದೆ ಯಾವ ಪೊಟ್ಟಣದಲ್ಲಿ ಏನಿದೆ ಎಂಬುದು ಮೊದಲೇ ತಿಳಿದಿರುತ್ತದೆ. ಒಳಗೇನಿದೆಯೆಂದು ತಿಳಿಯದೆ ಮಕ್ಕಳು ಕೈಖರ್ಚನ್ನೆಲ್ಲ ಸುರಿಯುವ ಅದೃಷ್ಟದ ಪೊಟ್ಟಣಗಳ ವ್ಯಾಪಾರಕ್ಕಿಂತ ಇದು ಎಷ್ಟೋ ಪ್ರಾಮಾಣಿಕವಾದದ್ದು.

ಆದರೆ ಗಣಿತದಲ್ಲಿ ಆಗುವ ಬೆಳವಣಿಗೆಯೆಲ್ಲ ಮನೆಯಲ್ಲಿ ಆಗುವುದಿಲ್ಲ. ಮೊದಲ ಅರವತ್ತು ಜೋಡಣೆಗಳನ್ನೇ ಆಡಿ ಮುಗಿಸುವ ಕುಟುಂಬಗಳು ವಿರಳ. ಈ ಆಟದ ವೀರರ ಸಂಖ್ಯೆ ಈಗ ಐವತ್ತನ್ನು ದಾಟಿದ್ದು, ಎಲ್ಲವನ್ನೂ ಕೊಂಡವನ ಮನೆಯಲ್ಲಿ ಆಟಕ್ಕಿಂತ ಆಟದ ಜೋಡಣೆಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಎಲೆಗಳನ್ನು ವಿಂಗಡಿಸಬೇಕು, ಕಾಪಾಡಬೇಕು, ಒಂದು ಎಲೆ ಕಳೆದರೆ ಹುಡುಕಬೇಕು. ಬರಹವೆಲ್ಲ ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರಗಳಲ್ಲಿ ಇರುವುದರಿಂದ ಮೇಲೆ ಹೇಳಿದ ಅಜ್ಜನಿಗೆ ಮೊಮ್ಮಗುವೇ ಎಲೆ ಓದಿ ಹೇಳಬೇಕಾದೀತು. ಇನ್ನೊಂದು ದೋಷ ಸಹಕಾರದಲ್ಲಿಯೇ ಅಡಗಿದೆ. ನಿಯಮ ಚೆನ್ನಾಗಿ ಬಲ್ಲ ಒಬ್ಬನು ಉಳಿದ ಮೂವರ ಎಲೆಗಳನ್ನೂ ತಾನೇ ಆಡಿಸತೊಡಗುತ್ತಾನೆ. ಹಿರಿಯ ಪಾಲುದಾರನೇ ಎಲ್ಲವನ್ನೂ ತೀರ್ಮಾನಿಸಿ, ಉಳಿದವರು ರುಜು ಮಾತ್ರ ಹಾಕುವ ಪಾಲುದಾರಿಕೆ ಸಂಸ್ಥೆಗಳನ್ನು ಕಂಡವರಿಗೆ ಈ ದೃಶ್ಯ ಹೊಸದೇನಲ್ಲ.

ಇನ್ನು ಮಾರುವವನ ಲೆಕ್ಕ. ಇಲ್ಲಿ ತುಸು ನಿಧಾನಿಸಬೇಕಾಗಿದೆ. ವಿಸ್ತರಣಾ ಪೊಟ್ಟಣವೆಂಬುದು ನೋಡಲು ಮತ್ತೆ ಮತ್ತೆ ಬರುವ ಆದಾಯ. ಪ್ರಿಂಟರ್ ಮಾರಿದವನಿಗೆ ಶಾಯಿಯ ಡಬ್ಬಿಯಿದ್ದಂತೆ. ಆದರೆ ಶಾಯಿ ತೀರುತ್ತದೆ, ವೀರ ತೀರುವುದಿಲ್ಲ. ಶಾಯಿ ಕೊಳ್ಳದೆ ಪ್ರಿಂಟರ್ ನಡೆಯದು. ಹೊಸ ವೀರನನ್ನು ಕೊಳ್ಳದೆಯೂ ಹಳೆಯ ಆಟ ನಡೆಯುತ್ತದೆ. ಆದ್ದರಿಂದ ಪೊಟ್ಟಣದ ಗಿರಾಕಿಗಳ ಸಂಖ್ಯೆ ಮೂಲ ಪೆಟ್ಟಿಗೆ ಕೊಂಡವರ ಸಂಖ್ಯೆಯನ್ನು ಮೀರುವುದಿಲ್ಲ, ಹೊಸ ಪೊಟ್ಟಣ ಬಂದಂತೆಲ್ಲ ಇಳಿಯುತ್ತ ಹೋಗುವ ಸಂಭವವೇ ಹೆಚ್ಚು.

ತೆರಿಗೆಯನ್ನು ಬದಿಗಿಟ್ಟು ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಒಬ್ಬ ವರ್ತಕನು 40 ಮೂಲ ಪೆಟ್ಟಿಗೆಗಳನ್ನು ತಲಾ ರೂ. 3,000ಕ್ಕೆ ತರಿಸಿ ರೂ. 3,600ರಂತೆ ಎಲ್ಲವನ್ನೂ ಮಾರಿದನೆಂದು ಇಟ್ಟುಕೊಳ್ಳೋಣ. ಲಾಭ ರೂ. 24,000. ಇದರಿಂದ ಉತ್ಸಾಹಗೊಂಡು ಆರು ಬಗೆಯ ವಿಸ್ತರಣಾ ಪೊಟ್ಟಣಗಳನ್ನು, ಬಗೆಗೆ 20ರಂತೆ ಒಟ್ಟು 120, ತಲಾ ರೂ. 800ಕ್ಕೆ ತರಿಸುತ್ತಾನೆ. ಮಾರುವ ಬೆಲೆ ರೂ. 1,000. ಮೊದಲ ಬಗೆಯಲ್ಲಿ 20, ಎರಡನೆಯದರಲ್ಲಿ 15, ಅನಂತರ 12, 9, 7, 5 ಹೀಗೆ 68 ಮಾರಾಟವಾದವು. ಪುಸ್ತಕದಲ್ಲಿ ಮತ್ತೆ ರೂ. 13,600 ಲಾಭ ಸೇರಿ ಒಟ್ಟು ರೂ. 37,600 ಲಾಭ ಕಾಣುತ್ತದೆ. ಈಗ ಗಲ್ಲಾಪೆಟ್ಟಿಗೆಯನ್ನು ನೋಡಿದರೆ ಚಿತ್ರವೇ ಬೇರೆ. ಹೊರಗೆ ಹೋದ ಹಣ ರೂ. 2,16,000, ಒಳಗೆ ಬಂದದ್ದು ರೂ. 2,12,000. ಕೈಯಲ್ಲಿ ರೂ. 4,000 ಕಡಿಮೆಯಾಗಿದೆ. ಲಾಭವೆಲ್ಲ ಕಪಾಟಿನಲ್ಲಿ 52 ಪೊಟ್ಟಣಗಳ ರೂಪದಲ್ಲಿ, ಅಂದರೆ ರೂ. 41,600ರ ದಾಸ್ತಾನಾಗಿ ಕುಳಿತಿದೆ. ಬಾಡಿಗೆ, ಕ್ಯಾಶ್ ಕ್ರೆಡಿಟ್ ಬಡ್ಡಿ, ಕೊನೆಗೆ ಆದಾಯ ತೆರಿಗೆ ಇವುಗಳನ್ನೆಲ್ಲ ಆ ಪೊಟ್ಟಣಗಳಿಂದ ಕಟ್ಟಲು ಬರುವುದಿಲ್ಲ.

ಮಾರ್ಚ್ 31ರಂದು ಈ ದಾಸ್ತಾನಿಗೆ ಬೆಲೆ ಕಟ್ಟುವಾಗ ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಿರುವುದನ್ನೇ ತೆಗೆದುಕೊಳ್ಳಬೇಕೆಂದು ಲೆಕ್ಕಪತ್ರ ಮಾನದಂಡ ಹೇಳುತ್ತದೆ. ಬೆಲೆ ಅರ್ಧಕ್ಕೆ ಇಳಿದಿದ್ದರೆ ಲಾಭದಲ್ಲಿ ರೂ. 20,800 ಕರಗಿ ರೂ. 16,800 ಮಾತ್ರ ಉಳಿಯುತ್ತದೆ. ಉಳಿದ ಸರಕನ್ನು ಲೆಕ್ಕದಿಂದ ತೆಗೆದುಹಾಕಿದರೆ ಅಥವಾ ಗಿರಾಕಿಗಳಿಗೆ ಉಚಿತವಾಗಿ ಹಂಚಿದರೆ ಜಿಎಸ್‌ಟಿ ಕಾಯಿದೆಯ 17(5) ಕಲಮಿನ ಪ್ರಕಾರ ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ರಿಯಾಯಿತಿ ಬೆಲೆಗೆ ಮಾರಿದರೆ ಈ ತೊಡಕಿಲ್ಲ. ದಾನಕ್ಕಿಂತ ರಿಯಾಯಿತಿ ಲೇಸು ಎನ್ನುವ ಪರಿಸ್ಥಿತಿ ಇದು.

ಬೆಲೆ ಅರ್ಧಕ್ಕಿಳಿಯುವುದು ಬರಿಯ ಊಹೆಯಲ್ಲ. ಸೆಂಟಿನೆಲ್ಸ್ ಆಟವನ್ನು ಹೊರತಂದ ಗ್ರೇಟರ್ ದ್ಯಾನ್ ಗೇಮ್ಸ್ ಸಂಸ್ಥೆ ಯಾರಿಂದಲೂ ಪಾತ್ರಗಳ ಪರವಾನಗಿ ಪಡೆಯದೆ, ತನ್ನದೇ ವೀರರನ್ನು ಸೃಷ್ಟಿಸಿ ವರ್ಷಗಟ್ಟಲೆ ವಿಸ್ತರಣೆಗಳನ್ನು ಮಾರಿತು. ಅದೊಂದು ಶ್ಲಾಘನೀಯ ಸಾಹಸ. ಆದರೆ 2021ರಲ್ಲಿ ಅದೇ ಆಟದ ಪರಿಷ್ಕೃತ ಆವೃತ್ತಿ ಬಂದಾಗ ಹಳೆಯ ಎಲೆಗಳು ಹೊಸ ಆವೃತ್ತಿಯೊಡನೆ ಹೊಂದಿಕೊಳ್ಳದಂತಾದವು. ಹೊಸ ನಿಯಮಗಳು ಉತ್ತಮವಾಗಿರಬಹುದು; ಹಳೆಯ ಪೊಟ್ಟಣಗಳನ್ನು ತುಂಬಿಟ್ಟುಕೊಂಡಿದ್ದ ಅಂಗಡಿಗೆ ಅದರಿಂದ ಯಾವ ಸಮಾಧಾನವೂ ಇಲ್ಲ. ಅನಂತರ 2025ರ ಏಪ್ರಿಲ್‌ನಲ್ಲಿ ಚೀನಾದಿಂದ ಬರುವ ಸರಕುಗಳ ಮೇಲೆ ಅಮೆರಿಕ ವಿಧಿಸಿದ ಭಾರೀ ಸುಂಕದ ಹೊಡೆತಕ್ಕೆ ಸಂಸ್ಥೆಯ ಬಹುಪಾಲು ಸಿಬ್ಬಂದಿ ಕೆಲಸ ಕಳೆದುಕೊಂಡು, ಯೋಜನೆಗಳು ಸ್ಥಗಿತಗೊಂಡವು. ಮುಂದಿನ ಪೊಟ್ಟಣ ಬರುತ್ತದೆಂಬ ನಂಬಿಕೆಯ ಮೇಲೆ ಮಾರಾಟವಾಗುವ ಸರಕಿನಲ್ಲಿ ಕೊಳ್ಳುವವನೂ ಅಂಗಡಿಯವನೂ ಒಂದು ರೀತಿಯಲ್ಲಿ ಆ ಸಂಸ್ಥೆಗೆ ಭದ್ರತೆಯಿಲ್ಲದ ಸಾಲ ಕೊಟ್ಟವರೇ ಆಗುತ್ತಾರೆ.

ವಿಸ್ತರಣೆಯ ಹಂಬಲ ಅಮೆರಿಕದಲ್ಲಿ ಹುಟ್ಟಿದ್ದೆಂದು ತಿಳಿಯಬೇಕಾಗಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ತಲಾ ಹನ್ನೆರಡರಂತೆ 120 ಎಲೆಗಳು. ವೀರರನ್ನು ಎಲೆಯ ಮೇಲೆ ಚಿತ್ರಿಸುವ ಕಲೆ ಎಷ್ಟು ಹಳೆಯದೆಂಬುದಕ್ಕೆ ಇದೇ ಸಾಕ್ಷಿ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ವಿವರಿಸಲಾದ ಹದಿಮೂರು ಛದ ಗಂಜೀಫ ಆಟಗಳು 36 ಎಲೆಗಳಿಂದ ಹಿಡಿದು 18 ವರ್ಗಗಳ 360 ಎಲೆಗಳವರೆಗೆ ಬೆಳೆದವು. ಕಲೆಯ ದೃಷ್ಟಿಯಿಂದ ಅವು ಅನುಪಮ. ಆದರೆ ಅರಮನೆಯ ಹೊರಗೆ ಅವು ಜನಪ್ರಿಯವಾಗಲಿಲ್ಲ. 360 ಎಲೆಗಳನ್ನು ಬರೆಸುವ ಖರ್ಚು, ಅವುಗಳ ಕ್ರಮವನ್ನು ನೆನಪಿಡುವ ಶ್ರಮ ಸಾಮಾನ್ಯರ ಶಕ್ತಿಯನ್ನು ಮೀರಿದ್ದಿರಬೇಕು. ಮೈಸೂರು ಗಂಜೀಫ ಇಂದು ಬಹುಮಟ್ಟಿಗೆ ಚಿತ್ರಕಲೆಯಾಗಿ ಉಳಿದಿದೆ. ಅದನ್ನು ಕೊಳ್ಳುವವರು ಗೋಡೆಗೆ ತೂಗುಹಾಕುತ್ತಾರೆಯೇ ಹೊರತು ಆಡುವುದಿಲ್ಲ.

ಇದಕ್ಕೆ ಎದುರಾಗಿ ಹಂಪೆಯ ಮಂಟಪಗಳ ನೆಲಹಾಸನ್ನು ನೋಡಬಹುದು. ಕಲ್ಲಿನಲ್ಲಿ ಕೊರೆದ ಹುಲಿ ಕುರಿ ಆಟದ ಗೆರೆಗಳು, ಅಳಿಗುಳಿಯ ಗುಳಿಗಳು ಅಲ್ಲಿ ಇಂದಿಗೂ ಇವೆ. ಹುಲಿ ಕುರಿ ಆಟದ ಸಾಮಾನ್ಯ ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಬಲಹೀನವಾದ ಕುರಿಗಳು ಒಗ್ಗೂಡಿ ಹುಲಿಯನ್ನು ಕಟ್ಟಿಹಾಕಬೇಕು. ಕುರಿಗಳನ್ನು ಇಬ್ಬರು ಮೂವರು ಸೇರಿ ನಡೆಸಿದರೆ ಅದೂ ಸಹಕಾರದ ಆಟವೇ. ಇದಕ್ಕೆ ವಿಸ್ತರಣಾ ಪೊಟ್ಟಣ ಎಂದೂ ಬರಲಿಲ್ಲ. ಬೇಕಾದದ್ದು ಹದಿನೆಂಟು ಕಲ್ಲು ಮಾತ್ರ, ಅದಕ್ಕೆ ಹಂಪೆಯಲ್ಲಿ ಅಭಾವವಿಲ್ಲ. ವ್ಯಾಪಾರಿಯ ದೃಷ್ಟಿಯಿಂದ ಮಾತ್ರ ಇದು ಶೂನ್ಯ ಸಂಪಾದನೆಯ ಆಟವೆಂಬುದನ್ನೂ ಒಪ್ಪಬೇಕು.

ಈ ಎರಡು ತುದಿಗಳ ನಡುವೆ ಸ್ಥಳೀಯ ಉದ್ಯಮಿಗೆ ಜಾಗವಿದೆ. 2021ರ ಜನವರಿಯಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆಯಾಯಿತು. ಕಿನ್ನಾಳದ ಮರದ ಕೆಲಸಗಾರರೂ ದೂರದಲ್ಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇಸ್ಪೀಟು ಎಲೆ, ಚದುರಂಗ, ಕೇರಂ, ಲೂಡೋ ಮೊದಲಾದ ಮಣೆಯಾಟಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಕಥಾವಸ್ತುವಿಗಂತೂ ಪರವಾನಗಿ ಶುಲ್ಕವಿಲ್ಲ. ಮಾರ್ವೆಲ್ ಪಾತ್ರಗಳು 2009ರಿಂದ ಡಿಸ್ನಿ ಸಂಸ್ಥೆಯ ಒಡೆತನಕ್ಕೆ ಸೇರಿದ್ದು, ಅವುಗಳ ಚಿತ್ರ ಬಳಸಲು ಒಪ್ಪಂದ ಬೇಕು. ಹನುಮಂತ, ಸುಗ್ರೀವ, ಜಾಂಬವಂತರು ಯಾವ ಕಂಪನಿಯ ಸ್ವತ್ತೂ ಅಲ್ಲ. ಸೀತೆಯನ್ನು ಹುಡುಕಲು ಹೊರಟ ಕಪಿಸೇನೆಯ ಕಥೆಗಿಂತ ಸಹಕಾರಿ ಆಟಕ್ಕೆ ಒಪ್ಪುವ ವಸ್ತು ಇನ್ನಾವುದಿದೆ? ಆದರೆ ಚಿತ್ರಗಳನ್ನು ಹೊಸದಾಗಿ ಬರೆಸಿ, ಕಲಾವಿದನಿಂದ ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು. ಪ್ರಕಟವಾದ ಚಿತ್ರಕಥೆಗಳಿಂದ ತೆಗೆದುಕೊಂಡರೆ ಕೃತಿಸ್ವಾಮ್ಯದ ಮೊಕದ್ದಮೆ ಎದುರಾದೀತು. 14 ವರ್ಷದೊಳಗಿನ ಮಕ್ಕಳಿಗಾಗಿ ತಯಾರಿಸುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ, ತಯಾರಿಕೆಗೆ ಮುನ್ನವೇ ತಮ್ಮ ಸರಕು ಆ ವ್ಯಾಪ್ತಿಗೆ ಬರುವುದೇ ಎಂದು ಮಾನಕ ಬ್ಯೂರೋದಿಂದ ಖಚಿತಪಡಿಸಿಕೊಳ್ಳಬೇಕು.

ಇಂತಹ ಆಟ ತರುವವರು ಮೂಲ ಪೆಟ್ಟಿಗೆಯನ್ನು ಸ್ವಯಂಪೂರ್ಣವಾಗಿ ರೂಪಿಸಬೇಕು. ಮುಂದೆ ಕೊಂಡರಷ್ಟೇ ರುಚಿಸುವಂತೆ ಅರ್ಧಂಬರ್ಧ ಆಟವನ್ನು ಕೊಟ್ಟರೆ ಹಂಪೆಗೆ ಬಂದು ಒಂದೇ ಸಲ ಕೊಂಡು ಊರಿಗೆ ಮರಳುವ ಪ್ರವಾಸಿಗೆ ಅದು ಮೋಸ. ಅವನು ಎರಡನೆಯ ಪೊಟ್ಟಣಕ್ಕಾಗಿ ಮರಳಿ ಬರಲಾರ. ವಿಸ್ತರಣೆಯನ್ನು ತರುವುದಾದರೆ ಮೂಲ ಪೆಟ್ಟಿಗೆಯ ಮಾರಾಟದ ಅಂಕಿ ಕೈಗೆ ಬಂದ ಮೇಲೆ, ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಮುದ್ರಿಸುವುದು ಕ್ಷೇಮ. ಹೊರಗಿನಿಂದ ತರಿಸಿ ಮಾರುವ ಅಂಗಡಿಯವರು ಮೂಲ ಪೆಟ್ಟಿಗೆಯನ್ನಷ್ಟೇ ದಾಸ್ತಾನಿಟ್ಟು, ಪೊಟ್ಟಣಗಳನ್ನು ಮುಂಗಡ ಪಡೆದು ತರಿಸಿಕೊಡಬಹುದು. ಮುಂಗಡಕ್ಕೆ ರಸೀದಿ ಕೊಡುವುದನ್ನೂ, ಮಾಲು ಬಾರದಿದ್ದರೆ ಎಷ್ಟು ದಿನಗಳಲ್ಲಿ ಹಣ ಹಿಂದಿರುಗಿಸಲಾಗುವುದೆಂದು ಅದರ ಮೇಲೆ ಬರೆಯುವುದನ್ನೂ ಮರೆಯಬಾರದು.