ದೊಡ್ಡ ಗಿರಾಕಿಗೆ ‘ಆಗದು’ ಎಂದ ಉದ್ಯಮಿ

ಬಾಗಲಕೋಟೆ, ಇಳಕಲ್ ಕಡೆಯ ವ್ಯಾಪಾರಸ್ಥರ ನಡುವೆ ಇನ್ಫೋಸಿಸ್‌ನ ಶ್ರೀ ಎನ್. ಆರ್. ನಾರಾಯಣ ಮೂರ್ತಿಯವರ ಮಾತು ಬಂದಾಗಲೆಲ್ಲ ಎರಡು ಸಂಗತಿಗಳು ತಪ್ಪದೆ ಪ್ರಸ್ತಾಪವಾಗುತ್ತವೆ: ಪತ್ನಿ ಶ್ರೀಮತಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ ಮೂಲ ಬಂಡವಾಳ ಮತ್ತು ತರುವಾಯ ಬಂದ ಕೋಟಿಗಳು. ನಡುವಿನ ವರ್ಷಗಳ ವಿಚಾರವನ್ನು ಎತ್ತುವವರು ಕಡಿಮೆ. ಸಣ್ಣ ಉದ್ಯಮಿಗೆ ಉಪಯುಕ್ತವಾದುದು ಇರುವುದು ಆ ವರ್ಷಗಳಲ್ಲಿಯೇ.

1946ರಲ್ಲಿ ಶಿಡ್ಲಘಟ್ಟದಲ್ಲಿ ಶಿಕ್ಷಕರ ಮಗನಾಗಿ ಜನಿಸಿದ ಮೂರ್ತಿಯವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಪದವಿಯನ್ನೂ ಕಾನ್ಪುರದ ಐಐಟಿಯಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅವರ ಮೊದಲ ಸಂಸ್ಥೆ ಸಾಫ್ಟ್ರಾನಿಕ್ಸ್ ನೆಲೆಯೂರಲಿಲ್ಲ. 1981ರಲ್ಲಿ ಪುಣೆಯಲ್ಲಿ ಆರು ಜನ ಸಂಗಡಿಗರೊಡನೆ ಇನ್ಫೋಸಿಸ್ ಆರಂಭವಾಯಿತು. ಅಂದಿನ ಪರವಾನಗಿ ವ್ಯವಸ್ಥೆಯಲ್ಲಿ ಒಂದು ಕಂಪ್ಯೂಟರ್ ಆಮದಿಗೂ ದೆಹಲಿಗೆ ಅಲೆಯಬೇಕಿತ್ತು. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಸಂಸ್ಥೆಯನ್ನು ಮಾರುವ ಪ್ರಸ್ತಾಪ ಬಂದಾಗ, ಉಳಿದವರ ಪಾಲನ್ನು ತಾವೇ ಕೊಳ್ಳುವುದಾಗಿ ಮೂರ್ತಿಯವರು ಹೇಳಿದರು. ಅದಕ್ಕೆ ಬೇಕಾದ ಹಣ ಆಗ ಅವರಲ್ಲಿರಲಿಲ್ಲ. ಕೊನೆಗೆ ಯಾರೂ ಮಾರಲಿಲ್ಲ.

1993ರಲ್ಲಿ ಷೇರುಪೇಟೆ ಪ್ರವೇಶಿಸಿದ ಎರಡೇ ವರ್ಷಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು ತನ್ನ ಭಾರತೀಯ ಸಾಫ್ಟ್‌ವೇರ್ ಪೂರೈಕೆದಾರರನ್ನೆಲ್ಲ ಬೆಂಗಳೂರಿನ ಹೋಟೆಲಿಗೆ ಕರೆಸಿ, ಪರಸ್ಪರ ಮಾತನಾಡಲಾಗದಂತೆ ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸಿ, ದರ ಇಳಿಸಲು ಒತ್ತಾಯಿಸಿತು. ಇನ್ಫೋಸಿಸ್‌ನ ಆದಾಯದ ಶೇ. 25ರಷ್ಟು ಈ ಒಬ್ಬ ಗಿರಾಕಿಯಿಂದಲೇ ಬರುತ್ತಿತ್ತು. ಆ ದರಕ್ಕೆ ಗುಣಮಟ್ಟ ಕಾಯ್ದುಕೊಳ್ಳಲಾಗದು ಎಂದು ಮೂರ್ತಿಯವರು ವಿನಯದಿಂದ ನಿರಾಕರಿಸಿದರು. ಕೈಯಲ್ಲಿದ್ದ ಕೆಲಸವನ್ನು ಗಿರಾಕಿ ಸೂಚಿಸಿದವರಿಗೆ ಕ್ರಮಬದ್ಧವಾಗಿ ಒಪ್ಪಿಸುವುದಾಗಿಯೂ ತಿಳಿಸಿದರು. ಒಬ್ಬನನ್ನೇ ಅತಿಯಾಗಿ ನೆಚ್ಚಬಾರದೆಂಬ ನಿಯಮ ಸಂಸ್ಥೆಯಲ್ಲಿ ಬೇರೂರಿದ್ದು ಈ ಪೆಟ್ಟಿನಿಂದ. 1999ರಲ್ಲಿ ಅಮೆರಿಕದ ನಾಸ್ಡಾಕ್ ಪಟ್ಟಿಗೆ ಸೇರಿದ ಮೊದಲ ಭಾರತೀಯ ಕಂಪನಿ ಅದೇ ಆಯಿತು.

ಇಳಕಲ್ ಸೀರೆಯ ಮಗ್ಗ ನಡೆಸುವವರಿಗೆ, ಹುನಗುಂದದ ಗ್ರಾನೈಟ್ ಘಟಕದವರಿಗೆ ಆ ಹೋಟೆಲ್ ಕೊಠಡಿ ಅಪರಿಚಿತವಲ್ಲ. ಮಾಲೆಲ್ಲ ಒಬ್ಬನೇ ಸಗಟು ಖರೀದಿದಾರನಿಗೆ ಹೋಗುತ್ತಿದ್ದರೆ ನೂಲಿನ ದರ ಏರಿದರೂ ಸೀರೆಯ ದರ ಏರುವುದಿಲ್ಲ, ಬಾಕಿಯೂ ಬೇಗ ಬರುವುದಿಲ್ಲ. ಇನ್ಫೋಸಿಸ್‌ನ ಬಳಿ ಷೇರುದಾರರ ಹಣವಿತ್ತು, ಮಗ್ಗದವರಿಗೆ ಮುಂದಿನ ವಾರದ ನೂಲಿಗೇ ಸಾಲ ಬೇಕು ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. ಆದ್ದರಿಂದಲೇ ‘ಆಗದು’ ಎನ್ನುವ ಶಕ್ತಿಯನ್ನು ಚೌಕಾಸಿಯ ದಿನಕ್ಕಿಂತ ಬಹಳ ಮೊದಲೇ ಗಳಿಸಿಕೊಳ್ಳಬೇಕಾಗುತ್ತದೆ. ಜಿಎಸ್‌ಟಿ ನೋಂದಣಿಯುಳ್ಳ ಗಿರಾಕಿಗಳಿಗೆ ಮಾಡಿದ ಮಾರಾಟ ಬಿಲ್ಲುವಾರು ಜಿಎಸ್‌ಟಿಆರ್-1ರಲ್ಲಿ ದಾಖಲಾಗಿರುತ್ತದೆ. ಪಾರ್ಟಿವಾರು ಕೂಡಿ ನೋಡಲು ಅರ್ಧ ದಿನ ಸಾಕು. ತೆರಿಗೆ ಕಟ್ಟಿದ ಮೇಲೆ ಅದನ್ನು ತೆರೆದು ನೋಡುವವರು ವಿರಳ. ಒಂದೇ ಹೆಸರಿನೆದುರು ಕಾಲು ಭಾಗಕ್ಕೂ ಮೀರಿದ ಮಾರಾಟ ಕಂಡರೆ, ಮುಂದಿನ ಹಂಗಾಮಿಗೆ ಸೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಇನ್ನಿಬ್ಬರನ್ನು ಹುಡುಕಬೇಕು. ಆರಂಭದಲ್ಲಿ ಲಾಭ ತುಸು ಕಡಿಮೆಯಾದರೂ ಸರಿಯೇ.

ಇನ್ನು ದಾನದ ವಿಚಾರ. ಇನ್ಫೋಸಿಸ್ ಫೌಂಡೇಶನ್ ಸ್ಥಾಪನೆಯಾದದ್ದು 1996ರಲ್ಲಿ. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂಬ ಕಾನೂನು ಬಂದದ್ದು 2013ರಲ್ಲಿ. ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿದ 2009ರ ನೆರೆಯ ತರುವಾಯ, ಉತ್ತರ ಕರ್ನಾಟಕದ ಸಂತ್ರಸ್ತರಿಗೆ ಮನೆ ಕಟ್ಟಿಸಿಕೊಟ್ಟವರಲ್ಲಿ ಈ ಪ್ರತಿಷ್ಠಾನವೂ ಒಂದು. ಲೆಕ್ಕಪತ್ರದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆಯೇ ಇದೆ: ಆ ಹಣ ಮಾಲೀಕರ ಮರ್ಜಿಯಂತೆ ಗಲ್ಲಾಪೆಟ್ಟಿಗೆಯಿಂದ ಎತ್ತಿಕೊಟ್ಟದ್ದಲ್ಲ, ಪ್ರತ್ಯೇಕ ಟ್ರಸ್ಟಿಗೆ ಹೋಗಿ ಲೆಕ್ಕಪರಿಶೋಧನೆಗೆ ಒಳಪಟ್ಟದ್ದು. ಪೇಟೆಯ ಪಾಲುದಾರಿಕೆ ಅಂಗಡಿಗಳಲ್ಲಿ ಬನಶಂಕರಿ ಜಾತ್ರೆಯ ದೇಣಿಗೆಯನ್ನು ‘ಅಂಗಡಿ ಖರ್ಚು’ ಎಂದು ಬರೆದುಬಿಡುವ ರೂಢಿಯಿದೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ದೊರೆಯದು. ಮಾರ್ಚ್ ಕೊನೆಯ ವಾರದಲ್ಲಿ ಪಾಲುದಾರರು ಮುಖ ತಿರುಗಿಸಿ ಕೂರುವುದು ಬಹುಮಟ್ಟಿಗೆ ಇಂಥ ಚೀಟಿಗಳ ಮೇಲೆಯೇ.